ನೀರಿಗೆ ಬಿದ್ದ ಮೊಬೈಲು: ಎಸ್.ಪಿ. ರಸ್ತೆಯ ಒಂದು ಚಿಪ್ ಲೆವೆಲ್ ರಿಪೇರಿ ಅಂಗಡಿಯ ಸೇವೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಗಳಿಗೆ ಕೊರತೆಯಿಲ್ಲ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪೋರ್ಟ್ ಇವುಗಳನ್ನು ಕಣ್ಣೆದುರೇ ಬದಲಿಸಿ ಕೊಡುವವರು ಅಲ್ಲಿ ಸಾಲುಸಾಲಾಗಿ ಕುಳಿತಿರುತ್ತಾರೆ. ಆದರೆ ನೀರು ಹೊಕ್ಕ ಫೋನಿಗೆ ಬಿಡಿಭಾಗ ಬದಲಿಸುವ ಕೈಚಳಕ ಸಾಲದು. ಮದರ್‌ಬೋರ್ಡನ್ನು ಹೊರತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು ಕೆಲಸ ಮಾಡಬಲ್ಲವರು, ಆ ಬೀದಿಯವರು ‘ಚಿಪ್ ಲೆವೆಲ್’ ಎಂದು ಕರೆಯುವ ಕೆಲಸ ಬಲ್ಲವರು ಬೇಕು. ಅಂಥ ಒಂದು ಪುಟ್ಟ ಅಂಗಡಿಗೆ ನಮ್ಮ ಅತ್ತಿಗೆಯವರ ಫೋನನ್ನು ಕೊಂಡೊಯ್ದು, ಕೆಲಸ ನಡೆಯುವಾಗ ಬಹುಪಾಲು ಹೊತ್ತು ಅಲ್ಲೇ ಕುಳಿತು ನೋಡಿದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಫೋನಿಗಿಂತ ಫೋನಿನ ಒಳಗಿರುವುದೇ ಮುಖ್ಯ ಎನ್ನುವವರು ಅಲ್ಲಿಗೆ ಧೈರ್ಯವಾಗಿ ಹೋಗಬಹುದು. ಫೋನು ಮೊದಲಿದ್ದಂತೆಯೇ ಆಗಬೇಕು ಎನ್ನುವವರಿಗೆ ಅಂಗಡಿಯವರೇ ಆ ಮಾತು ಕೊಡುವುದಿಲ್ಲ, ಮತ್ತು ಕೊಡದಿರುವುದೇ ಅವರ ಮೇಲೆ ನನಗೆ ನಂಬಿಕೆ ಹುಟ್ಟಲು ಮೊದಲ ಕಾರಣ. ಅಂಗಡಿಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ. ಇಬ್ಬರು ಕುಳಿತು ಮಾಡುವ ಕೆಲಸ ಅದು, ಒಮ್ಮೆಲೇ ಜನ ನುಗ್ಗಿದರೆ ಕೆಲಸದ ಗುಣವೇ ಕೆಡುತ್ತದೆ. ಅವರು ಅನುಸರಿಸಿದ ಕ್ರಮವನ್ನು ವಿವರವಾಗಿ ತಿಳಿಸಿದರೆ, ಓದುಗರು ತಮ್ಮ ಊರಿನ ಯಾವ ಅಂಗಡಿಯನ್ನಾದರೂ ಅದೇ ಅಳತೆಗೋಲಿನಿಂದ ಅಳೆದು ನೋಡಿಕೊಳ್ಳಬಹುದು.

ಅತ್ತಿಗೆಯವರ ಫೋನು ಬಿದ್ದದ್ದು ಮನೆಯ ಸಂಪಿಗೆ. ಕಾವೇರಿ ನೀರು ಬಂತೇ ಎಂದು ಮುಚ್ಚಳ ತೆಗೆದು ಬಗ್ಗಿ ನೋಡುವಾಗ ಕೈಯಿಂದ ಜಾರಿತು. ಸಂಪಿನ ತಳದಿಂದ ಅದನ್ನು ಮೇಲಕ್ಕೆ ತರುವ ಹೊತ್ತಿಗೆ ತಾನಾಗಿಯೇ ಆಫ್ ಆಗಿತ್ತು. ಅವರು ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಆರ್ಡರಿನ ಮೇಲೆ ಕೊಡುತ್ತಾರೆ. ಗೌರಿ ಗಣೇಶ ಹಬ್ಬಕ್ಕೆಂದು ಬಂದಿದ್ದ ಆರ್ಡರುಗಳು, ಯಾರು ಎಷ್ಟು ಮುಂಗಡ ಕೊಟ್ಟಿದ್ದಾರೆ ಎಂಬ ಲೆಕ್ಕ, ವರ್ಷಗಳಿಂದ ಕೂಡಿಸಿಕೊಂಡು ಬಂದ ಗಿರಾಕಿಗಳ ನಂಬರುಗಳು, ಎಲ್ಲವೂ ಆ ಫೋನಿನ ವಾಟ್ಸಾಪಿನಲ್ಲಿ ಮತ್ತು ನೋಟ್ಸಿನಲ್ಲಿ ಇದ್ದವು. ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗ ಎಂದೋ ತುಂಬಿಹೋಗಿ ವಾಟ್ಸಾಪಿನ ಬ್ಯಾಕಪ್ ನಿಂತುಹೋಗಿತ್ತು. 2024ರಿಂದ ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್ಪನ್ನೂ ಆ 15 ಜಿಬಿಯ ಲೆಕ್ಕಕ್ಕೇ ಹಿಡಿಯುತ್ತಿರುವುದರಿಂದ ಹೀಗೆ ಸದ್ದಿಲ್ಲದೆ ಬ್ಯಾಕಪ್ ನಿಂತಿರುವ ಮನೆಗಳು ಬಹಳ ಇರಬೇಕು. ಸಿಮ್ ಕಾರ್ಡನ್ನು ತೆಗೆದು ಬೇರೆ ಫೋನಿಗೆ ಹಾಕಿದ್ದರಿಂದ ಬ್ಯಾಂಕಿನ ಒಟಿಪಿಗಳಿಗೆ ತೊಂದರೆಯಾಗಲಿಲ್ಲ. ಆದರೆ ಹಬ್ಬದ ಲೆಕ್ಕ ಮಾತ್ರ ಆ ಸತ್ತ ಫೋನಿನೊಳಗೇ ಉಳಿಯಿತು.

ನೆರೆಮನೆಯವರು ಹೇಳಿದರೆಂದು ಫೋನನ್ನು ಒಂದು ರಾತ್ರಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಮರುದಿನ ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ತೋರಿಸಿದಾಗ, ಅವರು ಅದನ್ನು ತೆರೆದು ನೋಡುವ ಗೋಜಿಗೂ ಹೋಗದೆ ಹಾಟ್ ಏರ್ ಗನ್ನಿನಿಂದ ಹೊರಗಿನಿಂದಲೇ ಬಿಸಿಗಾಳಿ ಹಾಯಿಸಿ, ಇನ್ನೇನು ಚಾರ್ಜರಿಗೆ ಹಾಕುವುದರಲ್ಲಿದ್ದರು. ಅಷ್ಟರಲ್ಲಿ ಬೇಡವೆಂದು ಹೇಳಿ ಫೋನನ್ನು ಹಿಂದಕ್ಕೆ ಪಡೆದೆವು. ಫೋನಿನ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಮಾತು ಸೌಜನ್ಯದಿಂದಲೇ ಇತ್ತು, ಉತ್ತರವೂ ಸ್ಪಷ್ಟವಾಗಿತ್ತು: ಒಳಗಿನ ಸೂಚಕ ಪಟ್ಟಿ ಕೆಂಪಾಗಿದೆ, ಆದ್ದರಿಂದ ವಾರಂಟಿ ಇಲ್ಲ, ಬೋರ್ಡನ್ನು ಪೂರ್ತಿಯಾಗಿ ಬದಲಿಸಬೇಕು, ಬದಲಿಸಿದರೆ ಹಳೆಯ ಡೇಟಾ ಉಳಿಯುವುದಿಲ್ಲ. ನೀರು ತಾಗಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಈ ಪಟ್ಟಿ ಇಂದಿನ ಬಹುತೇಕ ಫೋನುಗಳಲ್ಲಿರುತ್ತದೆ. ಅಧಿಕೃತ ಕೇಂದ್ರಗಳು ಸಾಮಾನ್ಯವಾಗಿ ಬೋರ್ಡಿನ ಮೇಲಿನ ಒಂದೊಂದೇ ಬಿಡಿಭಾಗವನ್ನು ಸರಿಪಡಿಸುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತವೆ. ಫೋನು ಮಾತ್ರ ಬೇಕಾದವರಿಗೆ ಅದು ತಕ್ಕ ದಾರಿಯೇ. ನಮಗೆ ಬೇಕಾದದ್ದು ಆ ಬೋರ್ಡಿನಲ್ಲೇ ಇತ್ತು.

ಎಸ್.ಪಿ. ರಸ್ತೆಯ ಅಂಗಡಿಯವರು ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕೇಳಿದ ಪ್ರಶ್ನೆ, “ಮೇಡಂ, ನಿಮಗೆ ಫೋನ್ ಬೇಕಾ, ಒಳಗಡೆ ಇರೋದು ಬೇಕಾ?” ಎಂದು. ಎರಡನೆಯದು ಎಂದು ಅತ್ತಿಗೆ ಹೇಳಿದ ಮೇಲೆ, ಯಾವ ನೀರು, ಎಷ್ಟು ಹೊತ್ತು ಮುಳುಗಿತ್ತು, ಆಮೇಲೆ ಆನ್ ಮಾಡಲು ನೋಡಿದಿರಾ, ಚಾರ್ಜಿಗೆ ಹಾಕಿದ್ದಿರಾ ಎಂದು ಒಂದೊಂದಾಗಿ ಕೇಳಿ ಬಿಲ್ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಂಡರು. ಅಕ್ಕಿಯ ವಿಷಯ ಹೇಳಿದಾಗ ಗದರಿಸಲಿಲ್ಲ. “ಎಲ್ರೂ ಹಾಗೇ ಮಾಡ್ತಾರೆ ಮೇಡಂ, ಚಾರ್ಜಿಗೆ ಹಾಕಿಲ್ವಲ್ಲ, ಅದೇ ಪುಣ್ಯ” ಎಂದರು.

ಯಾವ ನೀರು ಎಂಬ ಪ್ರಶ್ನೆಗೆ ಕಾರಣವಿದೆ. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಸುತ್ತದೆ. ಹರಿಸುವುದು ಅದರಲ್ಲಿ ಕರಗಿರುವ ಲವಣಗಳು. ನಮ್ಮ ಸಂಪುಗಳಲ್ಲಿ ಕಾವೇರಿ ನೀರಿನ ಜೊತೆ ಬೋರ್‌ವೆಲ್ಲಿನದೋ ಟ್ಯಾಂಕರಿನದೋ ಗಡಸು ನೀರು ಬೆರೆತಿರುತ್ತದೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಫೋನು ಆಫ್ ಆಗಿದ್ದರೂ ಬ್ಯಾಟರಿ ಬೋರ್ಡಿಗೆ ಜೋಡಿಸಿಕೊಂಡೇ ಇರುವುದರಿಂದ ಕೆಲವು ದಾರಿಗಳಲ್ಲಿ ವೋಲ್ಟೇಜು ನಿಂತಿರುತ್ತದೆ. ಆ ವೋಲ್ಟೇಜು, ಲವಣದ ನೀರು, ತಾಮ್ರ ಈ ಮೂರೂ ಒಂದೆಡೆ ಸೇರಿದರೆ ತಾಮ್ರ ಕರಗತೊಡಗಿ ಕಿಲುಬು ಕಟ್ಟುತ್ತದೆ. ನೀರು ಆರಿದ ಮೇಲೆ ಲವಣ ಅಲ್ಲೇ ಉಳಿಯುತ್ತದೆ, ಗಾಳಿಯ ತೇವ ತಗುಲಿದಾಗ ಕಿಲುಬು ಮತ್ತೆ ಮುಂದುವರಿಯುತ್ತದೆ. ಫೋನು ಒಣಗಿತು ಎಂದರೆ ಉಳಿಯಿತು ಎಂದಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರಾದರಂತೂ ಈ ಕೆಲಸ ಬಹಳ ಬೇಗ ನಡೆದುಹೋಗುತ್ತದೆ. ಮಲ್ಪೆ, ಗೋಕರ್ಣಗಳಿಗೆ ಪ್ರವಾಸ ಹೋಗಿ ಬಂದು ನಾಲ್ಕಾರು ದಿನ ಬಿಟ್ಟು ತರುವವರ ಫೋನುಗಳಲ್ಲಿ ಹೆಚ್ಚಿನವು ಕೈಗೆ ಸಿಗುವುದಿಲ್ಲ ಎಂದು ಅಂಗಡಿಯವರು ಹೇಳಿದ್ದನ್ನು ನಂಬಲು ನನಗೆ ಕಷ್ಟವಾಗಲಿಲ್ಲ.

ಅಕ್ಕಿಯ ವಿಷಯವನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. 2024ರ ಜನವರಿಯಲ್ಲಿ ಆಪಲ್ ಕಂಪನಿಯೇ ತನ್ನ ಬಳಕೆದಾರರ ಸೂಚನೆಯಲ್ಲಿ ಒದ್ದೆಯಾದ ಐಫೋನನ್ನು ಅಕ್ಕಿಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಎಂದು ತಿಳಿಸಿತು. ಹೇರ್ ಡ್ರೈಯರಿನಂಥ ಬಿಸಿ, ಒತ್ತಡದ ಗಾಳಿ, ಪೋರ್ಟಿನೊಳಗೆ ಹತ್ತಿಕಡ್ಡಿ ತುರುಕುವುದು ಇವೂ ಬೇಡವೆಂದು ಅದೇ ಸೂಚನೆಯಲ್ಲಿದೆ. ಚಾರ್ಜಿಂಗ್ ಪೋರ್ಟಿಗೆ ಮಾತ್ರ ನೀರು ತಾಗಿದ್ದರೆ ಪೋರ್ಟನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಬೇಕು ಎಂಬುದು ಅವರ ಸಲಹೆ. ಅತ್ತಿಗೆಯವರ ಫೋನಿನ ಚಾರ್ಜಿಂಗ್ ಪೋರ್ಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪರದೆಯ ಮೇಲೆ ತೋರಿಸಿದಾಗ, ಅಕ್ಕಿಹಿಟ್ಟು ತೇವದೊಡನೆ ಸೇರಿ ಪಿನ್ನುಗಳ ನಡುವೆ ಅಂಟಿನಂತೆ ಕೂತಿದ್ದುದು ನಮಗೂ ಕಂಡಿತು. ಬೋರ್ಡಿನ ಲೋಹದ ಮುಚ್ಚಳಗಳ ಅಡಿಯಲ್ಲಿ ನಿಂತ ನೀರನ್ನು ಹೊರಗಿನ ಅಕ್ಕಿ ಎಳೆದುಕೊಳ್ಳಲು ದಾರಿಯೇ ಇಲ್ಲ.

ಕೆಲಸದ ಕ್ರಮ ಹೀಗಿತ್ತು. ಹಿಂದಿನ ಪ್ಯಾನೆಲ್ಲಿನ ಅಂಟು ಸಡಿಲವಾಗುವಷ್ಟು ಮಾತ್ರ ಬೆಚ್ಚಗೆ ಮಾಡಿ ಅದನ್ನು ಬಿಡಿಸಿದರು, ಮತ್ತು ಬೇರೆ ಯಾವ ಸ್ಕ್ರೂವನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರನ್ನು ಕಿತ್ತರು. ನನ್ನ ದೃಷ್ಟಿಯಲ್ಲಿ ಯಾವುದೇ ಅಂಗಡಿಯನ್ನು ಅಳೆಯಲು ಇದೊಂದೇ ಸಾಕು: ನೀರು ಹೊಕ್ಕ ಫೋನು ಕೈಗೆ ಬಂದಾಗ ಮೊದಲು ಬ್ಯಾಟರಿ ಬಿಡಿಸುತ್ತಾರೋ, ಪವರ್ ಬಟನ್ ಒತ್ತುತ್ತಾರೋ ನೋಡಿ. ಆಮೇಲೆ ಬೋರ್ಡು, ಚಾರ್ಜಿಂಗ್ ಫ್ಲೆಕ್ಸು (ಪೋರ್ಟನ್ನು ಬೋರ್ಡಿಗೆ ಜೋಡಿಸುವ ಬಳುಕುವ ಪಟ್ಟಿ), ಕ್ಯಾಮೆರಾ, ಡಿಸ್‌ಪ್ಲೇ ಎಲ್ಲವನ್ನೂ ಬೇರ್ಪಡಿಸಿ ಒಂದು ತಟ್ಟೆಯಲ್ಲಿ ಜೋಡಿಸಿಟ್ಟರು. ಬ್ಯಾಟರಿಯ ಕನೆಕ್ಟರಿನ ಸುತ್ತ ಹಸಿರು ಕಿಲುಬು, ಸಿಮ್ ಟ್ರೇಯ ಬಳಿ ಬಿಳಿಯ ಪುಡಿ. ನೀರು ಹೊಕ್ಕಿದ್ದು ಕೆಳಗಿನ ಪೋರ್ಟಿನ ಕಡೆಯಿಂದ ಇರಬೇಕು, ಆದರೆ ಹೆಚ್ಚು ಹಾನಿಯಾಗಿದ್ದು ಮೇಲುಭಾಗದಲ್ಲಿ. ಹಂಚಿನ ಮನೆಯಲ್ಲಿ ಒಡೆದ ಹಂಚು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ ಇರುತ್ತದಲ್ಲ, ಹಾಗೆ. ಆದ್ದರಿಂದಲೇ ಲೋಹದ ಮುಚ್ಚಳಗಳನ್ನೂ ತೆಗೆಯದೆ ‘ಕ್ಲೀನ್ ಮಾಡಿದ್ದೇವೆ’ ಎನ್ನುವವರ ಮಾತಿಗೆ ಹೆಚ್ಚು ಬೆಲೆಯಿಲ್ಲ. ಇವರು ಮುಚ್ಚಳಗಳನ್ನು ಬಿಸಿಗಾಳಿಯಿಂದ ಎಬ್ಬಿಸಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬೋರ್ಡನ್ನು ಮಾತ್ರ ಅಲ್ಟ್ರಾಸಾನಿಕ್ ಕ್ಲೀನರಿನ ತೊಟ್ಟಿಯಲ್ಲಿ ಇಳಿಬಿಟ್ಟರು. ಡಿಸ್‌ಪ್ಲೇ, ಕ್ಯಾಮೆರಾ, ಬ್ಯಾಟರಿಗಳನ್ನು ಆ ತೊಟ್ಟಿಗೆ ಹಾಕಬಾರದು. ಶಬ್ದದ ಅಲೆಗಳಿಂದ ಹುಟ್ಟುವ ಸಣ್ಣ ಗುಳ್ಳೆಗಳು ಚಿಪ್ಪುಗಳ ಅಡಿಯ ಕೊಳೆಯನ್ನೂ ಎಬ್ಬಿಸುತ್ತವೆ. ಬ್ರಷ್ಷು ಹೋಗಲಾರದ ಜಾಗ ಅದು.

ಬೋರ್ಡು ಆರಿದ ಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಬ್ಯಾಟರಿಯನ್ನು ಜೋಡಿಸದೆ, ಅದರ ಜಾಗದಲ್ಲಿ ಡಿಸಿ ಪವರ್ ಸಪ್ಲೈಯ ತಂತಿಗಳನ್ನು ಕೊಟ್ಟು ಮೀಟರನ್ನು ನೋಡಿದರು. ಪವರ್ ಬಟನ್ ಒತ್ತುವ ಮುಂಚೆ ಮೀಟರಿನ ಮುಳ್ಳು ಸೊನ್ನೆಯಲ್ಲೇ ಇರಬೇಕು. ಅದು ಮೇಲೇರಿದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ನಮ್ಮದು ಏರಿತು. ಬೋರ್ಡಿನ ಮೇಲೆ ರೋಸಿನ್ ಎಂಬ, ಬೆಸುಗೆಗೆ ಬಳಸುವ ರಾಳದ ಹೊಗೆ ಹಿಡಿದು ಬೆಳ್ಳಗೆ ತೆಳುಪದರ ಕೂರಿಸಿ ಮತ್ತೆ ವಿದ್ಯುತ್ ಕೊಟ್ಟಾಗ, ಒಂದು ಜಾಗದಲ್ಲಿ ಮಾತ್ರ ಆ ಬಿಳುಪು ಕರಗಿ ಕಪ್ಪು ಚುಕ್ಕೆ ಮೂಡಿತು. ಎಳ್ಳುಕಾಳಿಗಿಂತಲೂ ಚಿಕ್ಕದಾದ ಒಂದು ಕೆಪಾಸಿಟರು ಒಳಗೇ ಶಾರ್ಟಾಗಿ ಬಿಸಿಯಾಗುತ್ತಿತ್ತು. ವಿದ್ಯುತ್ ದಾರಿಯ ಏರಿಳಿತ ತಗ್ಗಿಸಲೆಂದು ಇಂಥ ಕೆಪಾಸಿಟರುಗಳನ್ನು ಹಲವನ್ನು ಸಮಾಂತರವಾಗಿ ಕೂರಿಸಿರುತ್ತಾರೆ, ಒಂದನ್ನು ತೆಗೆದರೂ ಸಾಮಾನ್ಯವಾಗಿ ಫೋನು ನಡೆಯುತ್ತದೆ. ಅದನ್ನು ತೆಗೆದ ಮೇಲೆ ಮೀಟರು ಸೊನ್ನೆಗೆ ಬಂದು ನಿಂತಿತು; ಫೋನನ್ನು ಆನ್ ಮಾಡಿದಾಗ ಏರುತ್ತ ಇಳಿಯುತ್ತ ಹೋಗಿ ಫೋನು ಬೂಟ್ ಆಗುತ್ತಿರುವುದನ್ನು ತೋರಿಸಿತು. ಡಿಸ್‌ಪ್ಲೇ ಇನ್ನೂ ಜೋಡಿಸದೆಯೇ, ಮುಳ್ಳಿನ ಓಲಾಟವನ್ನು ಮಾತ್ರ ನೋಡಿ “ಎದ್ದಿತು” ಎಂದು ಹೇಳಬಲ್ಲ ಅನುಭವ ಅವರಿಗಿದೆ.

ಈ ಶ್ರಮವೆಲ್ಲ ಯಾಕೆ, ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಕಡೆ ಓದಿಸಬಾರದೇ ಎಂದು ನಾನು ಕೇಳಿದೆ. ಹಳೆಯ ಫೋನುಗಳಲ್ಲಿ ಹಾಗೆ ಮಾಡಬಹುದಿತ್ತು. ಈಗಿನ ಫೋನುಗಳಲ್ಲಿ ಮೆಮೊರಿಯಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದರ ಕೀಲಿ ಅದೇ ಫೋನಿನ ಪ್ರೊಸೆಸರಿಗೂ ಬಳಕೆದಾರರ ಪಿನ್ನಿಗೂ ಕಟ್ಟುಬಿದ್ದಿರುತ್ತದೆ. ಆಂಡ್ರಾಯ್ಡ್ 10ರೊಡನೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಮೊದಲುಗೊಂಡು ಇದು ಕಡ್ಡಾಯವಾಗಿದೆ, ಐಫೋನುಗಳಲ್ಲಿ ಅದಕ್ಕೂ ಮೊದಲಿನಿಂದ ಇದೆ. ಹಾಗಾಗಿ ಡೇಟಾ ಬೇಕಾದರೆ ಅದೇ ಬೋರ್ಡು ಸ್ವಲ್ಪ ಹೊತ್ತಾದರೂ ಜೀವಂತವಾಗಿ ಎದ್ದು ಕೂರಬೇಕು. ಚಿಪ್ ಮಾತ್ರ ಕಿತ್ತು ಇಂದಿನ ಫೋನಿನ ಫೋಟೊಗಳನ್ನು ತೆಗೆದುಕೊಡುತ್ತೇವೆ ಎಂದು ಹೇಳಿ ದೊಡ್ಡ ಮೊತ್ತ ಕೇಳುವವರಿದ್ದರೆ ಅವರಿಂದ ದೂರವಿರಬೇಕು. ಬೋರ್ಡು ಎದ್ದೊಡನೆ ಅಂಗಡಿಯವರು ತಮ್ಮಲ್ಲಿದ್ದ ಬಳಸಿದ ಡಿಸ್‌ಪ್ಲೇಯೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ಪಿನ್ ಕೇಳಿದರು. ಫೋನು ಹೊಸದಾಗಿ ಆನ್ ಆದಾಗ ಬೆರಳಚ್ಚು ನಡೆಯುವುದಿಲ್ಲ, ಪಿನ್ನೇ ಬೇಕು. ಆದ್ದರಿಂದ ಫೋನಿನ ಒಡೆಯರು ಜೊತೆಗಿರುವುದು ಒಳ್ಳೆಯದು. ಅತ್ತಿಗೆ ತಾವೇ ಒತ್ತಿದರು, ಅಂಗಡಿಯವರು ಆಗ ಮುಖ ಬೇರೆಡೆ ತಿರುಗಿಸಿಕೊಂಡದ್ದನ್ನು ಗಮನಿಸಿದೆ. ವಾಟ್ಸಾಪಿನ ಫೋಲ್ಡರು, ಫೋಟೊಗಳು, ನಂಬರುಗಳು ಎಲ್ಲವನ್ನೂ ನಾವು ಒಯ್ದಿದ್ದ ಹಾರ್ಡ್ ಡಿಸ್ಕಿಗೆ ನಮ್ಮ ಎದುರೇ ಇಳಿಸಿದರು, ತಮ್ಮ ಕಂಪ್ಯೂಟರಿನಲ್ಲಿ ಪ್ರತಿ ಉಳಿಸಿಕೊಳ್ಳಲಿಲ್ಲ. ವಾಟ್ಸಾಪನ್ನು ಹೊಸ ಫೋನಿಗೆ ಅಲ್ಲಿಯೇ ವರ್ಗಾಯಿಸಿಕೊಂಡೆವು, ಹಬ್ಬದ ಲೆಕ್ಕ ಒಂದೂ ತಪ್ಪದೆ ಬಂತು.

ಹಣದ ವಿಷಯ. ಬಿಚ್ಚಿ, ಶುಚಿ ಮಾಡಿ, ಪರೀಕ್ಷಿಸುವುದಕ್ಕೆ 1,200 ರೂಪಾಯಿ ಎಂದು ಮೊದಲೇ ಹೇಳಿದ್ದರು. ಫೋನು ಏಳದಿದ್ದರೆ ಅಷ್ಟೇ. ಎದ್ದು ಡೇಟಾ ಸಿಕ್ಕರೆ ಒಟ್ಟು 3,500. ಹೊಸ ಬ್ಯಾಟರಿಯ ಬೆಲೆ ಬೇರೆ. ಸೇವಾ ಕೇಂದ್ರದವರು ಬೋರ್ಡಿಗೆ ಹೇಳಿದ್ದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ, ಬಡಾವಣೆಯ ಅಂಗಡಿಗೆ ಹೋಲಿಸಿದರೆ ಹೆಚ್ಚು. ಮೊದಲು ಹೇಳಿದ ಮೊತ್ತ ಕೊನೆಯಲ್ಲಿ ಒಂದು ರೂಪಾಯಿಯೂ ಬೆಳೆಯಲಿಲ್ಲ. ಹಳೆಯ ಬ್ಯಾಟರಿಯನ್ನೇ ಹಾಕಿಕೊಡಿ ಎಂದು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ನೀರು ಹೊಕ್ಕ ಲಿಥಿಯಂ ಬ್ಯಾಟರಿ ಮುಂದೆಂದೋ ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ಇಲ್ಲಿ ಅವರ ಹಟವೇ ಸರಿ.

ನೀರು ನಿರೋಧಕ ಎಂದು ಬರೆದಿರುವ ಫೋನುಗಳೂ ಅವರ ಮೇಜಿನ ಮೇಲಿದ್ದವು, ಅದರ ಬಗ್ಗೆ ಒಂದು ಮಾತು. ಫೋನು ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ದರ್ಜೆಯೇ ಐಪಿ. ಐಪಿ 67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಐಪಿ 68 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳುವ ಆಳ ಮತ್ತು ಹೊತ್ತು. ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ, ಪ್ರಯೋಗಾಲಯದಲ್ಲಿ. ಬಳಸುತ್ತ ಹೋದಂತೆ ಒಳಗಿನ ರಬ್ಬರು, ಅಂಟುಗಳು ಸವೆಯುತ್ತವೆ, ಒಮ್ಮೆ ಕೆಳಗೆ ಬಿದ್ದು ಚೌಕಟ್ಟು ಸ್ವಲ್ಪ ಬಾಗಿದರೂ ಆ ರಕ್ಷಣೆ ಹೋಗಬಹುದು. ಜಾಹೀರಾತಿನಲ್ಲಿ ಈಜುಕೊಳ, ಕಡಲತೀರ ತೋರಿಸಿ, ವಾರಂಟಿಯಲ್ಲಿ ನೀರಿನ ಹಾನಿಯನ್ನು ಹೊರಗಿಡುವ ಪದ್ಧತಿ ಹೊರದೇಶಗಳಲ್ಲಿ ಪ್ರಶ್ನೆಗೊಳಗಾಗಿದೆ: 2020ರ ನವೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೊ ದಂಡ ವಿಧಿಸಿತು; 2022ರ ಜೂನಿನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಕೆಲವು ಗ್ಯಾಲಕ್ಸಿ ಫೋನುಗಳ ಜಾಹೀರಾತಿಗಾಗಿ ಸ್ಯಾಮ್‌ಸಂಗ್‌ನ ಅಲ್ಲಿಯ ಕಂಪನಿ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆರಬೇಕೆಂದು ಆದೇಶಿಸಿತು. ನಮ್ಮ ಅಂಗಡಿಯವರು ಈ ವಿಷಯದಲ್ಲೂ ನೇರವಾಗಿದ್ದರು. ಹಿಂದಿನ ಪ್ಯಾನೆಲ್ಲಿಗೆ ಹೊಸ ಅಂಟುಪಟ್ಟಿ ಹಾಕಿ ಮುಚ್ಚಿಕೊಡುತ್ತೇವೆ, ಆದರೆ ಒಮ್ಮೆ ಬಿಚ್ಚಿದ ಫೋನು ನೀರು ತಡೆಯುತ್ತದೆ ಎಂದು ಮಾತ್ರ ನಂಬಬೇಡಿ ಎಂದು ಕೇಳದೆಯೇ ಹೇಳಿದರು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಫೋನನ್ನು ಒಪ್ಪಿಸುವಾಗ ಅದರ ಸ್ಥಿತಿ, ಐಎಂಇಐ ಎಂಬ ಗುರುತಿನ ಸಂಖ್ಯೆ, ಒಪ್ಪಿದ ಮೊತ್ತ ಇವುಗಳನ್ನು ಬರೆದ ರಸೀದಿಯನ್ನು ಅವರು ತಾವಾಗಿ ಕೊಡುವುದಿಲ್ಲ; ಕೇಳಿ ಬರೆಸಿಕೊಳ್ಳಬೇಕಾಯಿತು. ಕೆಲಸ ಮುಗಿಯುವವರೆಗೆ ಕೂರಲಾಗದೆ ಫೋನನ್ನು ಬಿಟ್ಟುಹೋಗುವ ಗಿರಾಕಿಗಳಿಗೆ ಅದು ಬಹಳ ಮುಖ್ಯ. ಪಿನ್ನನ್ನು ಚೀಟಿಯಲ್ಲಿ ಬರೆದು ಫೋನಿಗೇ ಅಂಟಿಸುವ ಅಭ್ಯಾಸವನ್ನೂ ಬೇರೆಯವರ ಫೋನುಗಳ ಮೇಲೆ ಕಂಡೆ. ಡೇಟಾ ಕಾಪಾಡುವುದರಲ್ಲಿ ಇಷ್ಟು ನಿಷ್ಠೆ ತೋರುವವರು ಇದೊಂದನ್ನು ತಿದ್ದಿಕೊಳ್ಳಬೇಕು ಎಂದು ಅವರಿಗೂ ಹೇಳಿ ಬಂದಿದ್ದೇನೆ. ಇನ್ನು, ರಿಪೇರಿ ಮಾಡಿಕೊಟ್ಟ ಫೋನಿಗೆ ವಾರಂಟಿ ಇಲ್ಲ. ಅತ್ತಿಗೆಯವರ ಹಳೆಯ ಫೋನು ಈಗ ನಡೆಯುತ್ತಿದೆ, ಆದರೆ ಸ್ಪೀಕರಿನ ಧ್ವನಿ ಮಂಕಾಗಿದೆ, ಮುಂದಿನ ಕ್ಯಾಮೆರಾ ಮಬ್ಬಾಗಿದೆ. ಇದನ್ನು ದಿನಬಳಕೆಗೆ ನೆಚ್ಚಿಕೊಳ್ಳಬೇಡಿ ಎಂದು ಅವರು ಹೇಳಿದ್ದರಿಂದ ಯುಪಿಐ, ಬ್ಯಾಂಕು ಎಲ್ಲವನ್ನೂ ಹೊಸ ಫೋನಿಗೆ ಒಯ್ದಿದ್ದೇವೆ.

ಫೋನಿಗೆ ವಿಮೆಯೋ ಕಂಪನಿಯ ಆಕಸ್ಮಿಕ ಹಾನಿಯ ಯೋಜನೆಯೋ ಇರುವವರು ಇಂಥ ಅಂಗಡಿಗೆ ಮೊದಲು ಹೋಗಬಾರದು. ಹೊರಗಿನವರು ಬಿಚ್ಚಿದ ಫೋನಿಗೆ ಪರಿಹಾರ ಸಿಗದೇ ಹೋಗಬಹುದು, ಆದ್ದರಿಂದ ಯೋಜನೆಯ ಷರತ್ತು ಓದಿ, ಡೇಟಾ ಮುಖ್ಯವೋ ಹಣ ಮುಖ್ಯವೋ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ಲೇಸು. ಇಲ್ಲಿಗೇ ಬರುವುದಾದರೆ ಫೋನನ್ನು ಆನ್ ಮಾಡದೆ, ಚಾರ್ಜಿಗೆ ಹಾಕದೆ, ಸಿಮ್ ಟ್ರೇ ತೆಗೆದು ಒಣಬಟ್ಟೆಯಲ್ಲಿ ಸುತ್ತಿ, ಸಾಧ್ಯವಾದರೆ ಅದೇ ದಿನ ತನ್ನಿ. ಜೊತೆಗೆ ಜಾಗವಿರುವ ಹಾರ್ಡ್ ಡಿಸ್ಕೊಂದು ಇರಲಿ. ಕಾರು ನಿಲ್ಲಿಸಲು ಆ ಬೀದಿಯಲ್ಲಿ ಜಾಗ ಸಿಗುವುದು ಕಷ್ಟ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದು ಬರಬಹುದು. ಶುಚಿಗೊಳಿಸಿ ಒಣಗಿಸುವುದಕ್ಕೇ ಕೆಲವು ಗಂಟೆ ಹಿಡಿಯುವುದರಿಂದ, ಮಧ್ಯಾಹ್ನದ ಮೇಲೆ ಬಂದ ಫೋನಿನ ಬ್ಯಾಟರಿಯನ್ನು ಮಾತ್ರ ಆ ದಿನ ಬಿಡಿಸಿಟ್ಟು ಉಳಿದ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಾರೆ.